ಅನುಭವಿ ಶಿಕ್ಷಕರ ತರಗತಿಯಲ್ಲಿ ಕೂತು ಕಲಿಯುವುದು ಹೇಗೆ: ಪ್ರಶಿಕ್ಷಣಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಪ್ರತಿ ವರ್ಷ ನನ್ನ ತರಗತಿಗೆ ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಪ್ರಶಿಕ್ಷಣಾರ್ಥಿಗಳು ಬರುತ್ತಾರೆ. ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತು ಅವಲೋಕನ ಪುಸ್ತಕ ತುಂಬಿಸುತ್ತಾರೆ. ವಾರ ಕಳೆದ ಮೇಲೆ ಆ ಪುಸ್ತಕ ನನ್ನ ಸಹಿಗೆ ಬರುತ್ತದೆ. "ಶಿಕ್ಷಕರು ಪೀಠಿಕೆ ಚೆನ್ನಾಗಿ ಹಾಕಿದರು. ಪಾಠೋಪಕರಣ ಬಳಸಿದರು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು." ಹತ್ತರಲ್ಲಿ ಒಂಬತ್ತು ಪುಸ್ತಕಗಳಲ್ಲಿ ಇದೇ ಮೂರು ವಾಕ್ಯ. ಮುಂದಿನ ಸೋಮವಾರ ಅವರೇ ಪಾಠಕ್ಕೆ ನಿಲ್ಲುತ್ತಾರೆ. ಹತ್ತು ನಿಮಿಷ ಆಗುವಷ್ಟರಲ್ಲಿ ನಾಲ್ಕು ಮಕ್ಕಳು ನೀರು ಕುಡಿಯಲು ಹೊರಗೆ ಹೋಗಿರುತ್ತಾರೆ, ಇಬ್ಬರು ರಬ್ಬರಿಗೆ ಕಿತ್ತಾಡುತ್ತಿರುತ್ತಾರೆ, ಪ್ರಶಿಕ್ಷಣಾರ್ಥಿ ಡಸ್ಟರಿನಿಂದ ಮೇಜು ಕುಟ್ಟುತ್ತಿರುತ್ತಾರೆ.

ಇವರೆಲ್ಲ ಶ್ರಮ ಪಡುವವರೇ. ಪಾಠಯೋಜನೆ ಅಚ್ಚುಕಟ್ಟಾಗಿರುತ್ತದೆ, ಚಾರ್ಟು ರಾತ್ರಿಯೆಲ್ಲ ಕೂತು ಬರೆದದ್ದಾಗಿರುತ್ತದೆ. ಎಡವುವುದು ನೋಡುವ ಕ್ರಮದಲ್ಲಿ. ವಾರವಿಡೀ ಪಾಠವನ್ನು ನೋಡಿದ್ದಾರೆ, ಮಕ್ಕಳನ್ನು ನೋಡಿಲ್ಲ. ಅನುಭವಿ ಶಿಕ್ಷಕಿ ಯಾವಾಗ ಎಲ್ಲಿ ನಿಂತರು, ಯಾರನ್ನು ಕೇಳಿದರು, ಯಾರನ್ನು ಕೇಳದೆ ಬಿಟ್ಟರು ಎಂಬುದೆಲ್ಲ ಕಣ್ಣೆದುರೇ ನಡೆದು ಹೋಗಿದೆ.

ಕೆಳಗಿನ ಹಂತಗಳು 1ರಿಂದ 5ನೇ ತರಗತಿಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಿಮ್ಮ ಶಾಲಾ ಅನುಭವ ಎರಡು ವಾರದ್ದಿರಲಿ, ಎರಡು ತಿಂಗಳಿನದ್ದಿರಲಿ, ದಿನಗಳನ್ನು ಹಿಗ್ಗಿಸಿಕೊಳ್ಳಿ, ಕುಗ್ಗಿಸಿಕೊಳ್ಳಿ. ಕ್ರಮವನ್ನು ಮಾತ್ರ ಬದಲಿಸಬೇಡಿ.

ಬೇಕಾಗುವ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್. ಇದು ಕಾಲೇಜಿಗೆ ಒಪ್ಪಿಸುವ ಅವಲೋಕನ ಪುಸ್ತಕವಲ್ಲ, ನಿಮ್ಮದೇ ಕಚ್ಚಾ ಪುಸ್ತಕ. ಯಾರಿಗೋ ತೋರಿಸಬೇಕಾದ ಪುಸ್ತಕದಲ್ಲಿ ನಿಜ ಬರೆಯಲು ಕೈ ಹಿಂಜರಿಯುತ್ತದೆ.

ಸೆಕೆಂಡು ಮುಳ್ಳಿರುವ ಕೈಗಡಿಯಾರ. ಫೋನ್ ನೋಡಿ ಸಮಯ ಬರೆಯುತ್ತೇನೆ ಅನ್ನಬೇಡಿ. ನೀವು ಫೋನ್ ತೆಗೆದ ಕೂಡಲೇ ಹತ್ತಿರದ ಆರು ಮಕ್ಕಳ ಕಣ್ಣು ಅದರ ಮೇಲೆ. ಮಕ್ಕಳ ಫೋಟೊ, ವಿಡಿಯೊ ತೆಗೆಯುವುದಂತೂ ಮುಖ್ಯ ಶಿಕ್ಷಕರ ಅನುಮತಿ ಇಲ್ಲದೆ ಬೇಡವೇ ಬೇಡ.

ಒಂದು ಪೆನ್ಸಿಲ್, ಒಂದು ಕೆಂಪು ಪೆನ್ನು, ಹಾಜರಿ ಪುಸ್ತಕ ನೋಡಿ ಬರೆದುಕೊಂಡ ಮಕ್ಕಳ ಹೆಸರಿನ ಪಟ್ಟಿ. ಇಷ್ಟು ಸಾಕು.

ಹಂತ 1: ತರಗತಿಗೆ ಕಾಲಿಡುವ ಮೊದಲು ಮಾತಾಡಿ

ಮೊದಲ ದಿನ ಪ್ರಾರ್ಥನೆಗಿಂತ ಅರ್ಧ ಗಂಟೆ ಮುಂಚೆ ಹೋಗಿ. ಮುಖ್ಯ ಶಿಕ್ಷಕರಿಗೆ ಕಾಲೇಜಿನ ಪತ್ರ ಕೊಟ್ಟ ಮೇಲೆ, ನೀವು ಯಾರ ತರಗತಿಯಲ್ಲಿ ಕೂರುತ್ತೀರೋ ಆ ಶಿಕ್ಷಕರನ್ನು ಪ್ರತ್ಯೇಕವಾಗಿ ಕಂಡು ಮೂರು ವಿಷಯ ಕೇಳಿ. ನಾನು ಎಲ್ಲಿ ಕೂರಲಿ? ಪಾಠದ ನಡುವೆ ಮಗು ನನ್ನ ಹತ್ತಿರ ಬಂದು ಏನಾದರೂ ಕೇಳಿದರೆ ಏನು ಮಾಡಲಿ? ದಿನದಲ್ಲಿ ಯಾವ ಹತ್ತು ನಿಮಿಷ ನಿಮ್ಮ ಜೊತೆ ಮಾತಾಡಬಹುದು?

ಎರಡನೇ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಹೆಚ್ಚು ಗೊಂದಲ ಆಗುವುದು ಅಲ್ಲೇ. ಮಿಸ್ "ನೀನೇ ಯೋಚನೆ ಮಾಡು" ಎಂದು ಬಿಟ್ಟು ಹೋದ ಲೆಕ್ಕವನ್ನು ಮಗು ನಿಮ್ಮ ಹತ್ತಿರ ತಂದು ತೋರಿಸುತ್ತದೆ, ನೀವು ಪ್ರೀತಿಯಿಂದ ಉತ್ತರ ಹೇಳಿಬಿಡುತ್ತೀರಿ. ಶಿಕ್ಷಕಿ ಕಟ್ಟಿದ್ದು ಅಲ್ಲಿಗೆ ಕಳಚಿತು.

ಕೂರುವ ಜಾಗ ಹಿಂದಿನ ಗೋಡೆ ಬೇಡ. ಅಲ್ಲಿಂದ ಕಾಣುವುದು ಮಕ್ಕಳ ಬೆನ್ನು ಮತ್ತು ಜಡೆ. ಪಕ್ಕದ ಗೋಡೆಗೆ, ಕಪ್ಪುಹಲಗೆಯಿಂದ ಮೂರು ನಾಲ್ಕು ಅಡಿ ಈಚೆಗೆ ಕೂತರೆ ಮಕ್ಕಳ ಮುಖವೂ ಶಿಕ್ಷಕರ ಕೈಯೂ ಒಟ್ಟಿಗೆ ಕಾಣುತ್ತವೆ. ನಲಿ-ಕಲಿ ಕೊಠಡಿಯಾದರೆ, ಅಂದರೆ ಬೇರೆ ಬೇರೆ ತರಗತಿಯ ಪುಟ್ಟ ಮಕ್ಕಳು ಒಟ್ಟಿಗೆ ಗುಂಪುಗಳಲ್ಲಿ ಕೂತು ಕಾರ್ಡುಗಳಿಂದ ಕಲಿಯುವ ಕೊಠಡಿಯಾದರೆ, ಮಕ್ಕಳ ಎತ್ತರಕ್ಕೆ ನೆಲದ ಮೇಲೇ ಕೂರಿ.

ಹಂತ 2: ಮೊದಲ ಎರಡು ದಿನ ಮಕ್ಕಳನ್ನಷ್ಟೇ ನೋಡಿ

ಈ ಎರಡು ದಿನ ಪಾಠದ ಬಗ್ಗೆ ಒಂದು ಸಾಲೂ ಬರೆಯಬೇಡಿ. ಒಂದು ಪುಟದಲ್ಲಿ ಕೊಠಡಿಯ ನಕ್ಷೆ ಬರೆದು, ಬಾಗಿಲು, ಕಿಟಕಿ, ಹಲಗೆ ಗುರುತಿಸಿ, ಪ್ರತಿ ಮಗು ಕೂರುವ ಜಾಗದಲ್ಲಿ ಹೆಸರು ಬರೆಯಿರಿ. ಎರಡನೇ ದಿನ ಸಂಜೆಗೆ ಪುಸ್ತಕ ನೋಡದೆ ಎಲ್ಲರ ಹೆಸರು ಹೇಳಲು ಬರಬೇಕು. ಹೆಸರು ಗೊತ್ತಿಲ್ಲದ ಶಿಕ್ಷಕರಿಗೆ "ಏಯ್, ನೀನು, ಕೆಂಪು ರಿಬ್ಬನ್ನು" ಎಂದು ಕರೆಯುವುದೊಂದೇ ದಾರಿ. ಹಾಗೆ ಕರೆದಾಗ ಕೆಂಪು ರಿಬ್ಬನ್ನಿನ ಮೂವರೂ ತಿರುಗುತ್ತಾರೆ, ಇಲ್ಲವೇ ಯಾರೂ ತಿರುಗುವುದಿಲ್ಲ.

ಹೆಸರಿನ ಮುಂದೆ ಚಿಕ್ಕದಾಗಿ ಕಂಡದ್ದನ್ನು ಬರೆಯುತ್ತಾ ಹೋಗಿ. ಹಲಗೆ ನೋಡಲು ಕಣ್ಣು ಕಿರಿದು ಮಾಡುತ್ತದೆ. ಬಲಗಿವಿ ತಿರುಗಿಸಿ ಕೇಳುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ತುಳು ಮಾತಾಡುತ್ತದೆ. ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವುದರಿಂದ ದಿನಾ ತಡ. ಬಿಸಿಯೂಟದ ಹೊತ್ತಿಗೂ ಕೊಠಡಿಯಲ್ಲೇ ಉಳಿಯಬೇಡಿ, ಹೋಗಿ ಸಾಲಿನ ಪಕ್ಕ ನಿಲ್ಲಿ. ಸೋಮವಾರ ಎರಡು ಸಲ ಅನ್ನ ಹಾಕಿಸಿಕೊಳ್ಳುವ ಮಗು ಯಾವುದು ಎಂದು ಹಳೆಯ ಶಿಕ್ಷಕರಿಗೆ ಗೊತ್ತಿರುತ್ತದೆ. ಅದೇ ಮಗು ಬೆಳಗ್ಗೆಯ ಹಾಲು ಕುಡಿಯುವವರೆಗೆ ಏನು ಕೇಳಿದರೂ ಬಾಯಿ ಬಿಡುವುದಿಲ್ಲ ಎಂಬುದೂ ಗೊತ್ತಿರುತ್ತದೆ. ಬೆಳಗಿನ ಮೊದಲ ಅವಧಿಯಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳದಿರುವುದು ಅವರ ಪಾಠಯೋಜನೆಯ ಯಾವ ಕಾಲಂನಲ್ಲೂ ಇರುವುದಿಲ್ಲ.

ಎಚ್ಚರಿಕೆ: ಮಕ್ಕಳ ಮನೆಯ ಕಷ್ಟ, ಕಾಯಿಲೆ, ಜಾತಿ ಇವು ನಿಮ್ಮ ಕಚ್ಚಾ ಪುಸ್ತಕದಿಂದ ಕಾಲೇಜಿನ ಪುಸ್ತಕಕ್ಕೂ ವಾಟ್ಸಾಪ್ ಗುಂಪಿಗೂ ದಾಟಬಾರದು.

ಹಂತ 3: ದಿನದ ಮೊದಲ ಹತ್ತು ನಿಮಿಷ ಗಮನಿಸಿ

ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಬರುವುದರಿಂದ ಮೊದಲ ಪಾಠ ಶುರುವಾಗುವವರೆಗಿನ ಹೊತ್ತನ್ನು ಮೂರು ದಿನ ಬಿಡದೆ ನೋಡಿ. ಹೊಸಬರ ತರಗತಿ ಹಾಳಾಗುವುದು ಹೆಚ್ಚಾಗಿ ಇಲ್ಲಿ, ಪಾಠ ಆರಂಭವಾಗುವ ಮೊದಲೇ.

ಚೀಲ ಎಲ್ಲಿ ಇಡುತ್ತಾರೆ? ಚಪ್ಪಲಿ ಸಾಲು ಯಾರು ಜೋಡಿಸುತ್ತಾರೆ? ಹಾಜರಿ ಕರೆಯುವಾಗ ಉಳಿದ ಮಕ್ಕಳ ಕೈಯಲ್ಲಿ ಏನಿರುತ್ತದೆ? ಪಳಗಿದ ಶಿಕ್ಷಕಿ ಹಾಜರಿ ಪುಸ್ತಕ ತೆರೆಯುವ ಮೊದಲೇ ಹಲಗೆಯ ಮೂಲೆಯಲ್ಲಿ ಒಂದು ಕೆಲಸ ಬರೆದಿಟ್ಟಿರುತ್ತಾರೆ. ನಲಿ-ಕಲಿಯಲ್ಲಾದರೆ ಹವಾಮಾನ ನಕ್ಷೆ ತುಂಬುವ ಮಗು, ಕಾರ್ಡಿನ ತಟ್ಟೆ ಇಳಿಸುವ ಮಗು, ಗೋಡೆ ಹಲಗೆಯಲ್ಲಿ ತನ್ನ ಜಾಗಕ್ಕೆ ಹೋಗಿ ಬರೆಯುವ ಮಗು, ಹೀಗೆ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಕೈ ಖಾಲಿ ಇರುವ ಮಕ್ಕಳು ಆ ಕೊಠಡಿಯಲ್ಲಿ ಇರುವುದೇ ಇಲ್ಲ.

ಇದನ್ನು ಪಟ್ಟಿಯಾಗಿ ಬರೆದುಕೊಳ್ಳಿ: ಯಾವ ಕೆಲಸ, ಯಾರು, ಯಾವ ಮಾತಿನಿಂದ ಶುರುವಾಗುತ್ತದೆ. ಆ ಮಾತುಗಳನ್ನು ಅಕ್ಷರಶಃ ಬರೆದುಕೊಳ್ಳಿ. ಮಿಸ್ "ಕೈ ಕಟ್ಟಿ" ಎನ್ನುತ್ತಾರೋ, ಮೂರು ಸಲ ಚಪ್ಪಾಳೆ ತಟ್ಟುತ್ತಾರೋ, ಹಾಡಿನ ಮೊದಲ ಸಾಲು ಎತ್ತುತ್ತಾರೋ, ನಿಮ್ಮ ಸರದಿ ಬಂದಾಗ ನೀವೂ ಅದನ್ನೇ ಬಳಸಬೇಕು. ಹೊಸ ಸಂಜ್ಞೆ ಕಲಿಸಲು ಹೋದರೆ ಒಂದು ವಾರ ಅದರಲ್ಲೇ ಕಳೆಯುತ್ತದೆ.

ಹಂತ 4: ಈಗ ಶಿಕ್ಷಕರನ್ನು ನೋಡಿ, ಮೂರು ಕಾಲಂನಲ್ಲಿ

ನೋಟ್‌ಬುಕ್‌ನಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ: ಸಮಯ, ಶಿಕ್ಷಕರು ಮಾಡಿದ್ದು, ಮಕ್ಕಳಲ್ಲಿ ಆದದ್ದು. "ಚೆನ್ನಾಗಿ", "ಸೊಗಸಾಗಿ", "ಪರಿಣಾಮಕಾರಿಯಾಗಿ" ಈ ಮೂರು ಪದಗಳನ್ನು ಬಳಸಬಾರದು ಎಂದು ನಿಮಗೆ ನೀವೇ ಕಟ್ಟಳೆ ಹಾಕಿಕೊಳ್ಳಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಅಷ್ಟೇ. ಮಾದರಿ ಹೀಗಿರಲಿ:

10.42 / ಪ್ರಶ್ನೆ ಕೇಳಿ ಸುಮ್ಮನೆ ನಿಂತರು, 4 ಸೆಕೆಂಡು / ಮೊದಲು ಮೂರು ಕೈ, ಆಮೇಲೆ ಒಂಬತ್ತು ಕೈ
10.44 / ಓದುತ್ತಲೇ ಕಿಟಕಿ ಪಕ್ಕದ ಹುಡುಗನ ಹತ್ತಿರ ಹೋಗಿ ಅವನ ಪುಸ್ತಕದ ಮೇಲೆ ಬೆರಳಿಟ್ಟರು, ಮಾತಿಲ್ಲ / ಗೋಲಿ ಜೇಬಿಗೆ ಹೋಯಿತು, ಪುಟ ತಿರುಗಿತು
10.47 / ದನಿ ತಗ್ಗಿಸಿದರು / ಹಿಂದಿನ ಸಾಲು ಮುಂದಕ್ಕೆ ಬಾಗಿತು

ದಿನಕ್ಕೆ ಒಂದೇ ಅವಧಿ ಹೀಗೆ ಬರೆಯಿರಿ. ನಲವತ್ತು ನಿಮಿಷ ಇಷ್ಟು ಗಮನ ಕೊಟ್ಟರೆ ತಲೆ ದಣಿಯುತ್ತದೆ, ಮುಂದಿನ ಅವಧಿಯಲ್ಲಿ ಬರೆದದ್ದು ಮತ್ತೆ "ಉತ್ಸಾಹದಿಂದ ಭಾಗವಹಿಸಿದರು" ಆಗಿಬಿಡುತ್ತದೆ.

ಏನು ಹುಡುಕಬೇಕು ಎಂದು ತಿಳಿಯದಿದ್ದರೆ ಮೂರು ವಿಷಯ ಹೇಳುತ್ತೇನೆ.

ಒಂದು, ಪ್ರಶ್ನೆಯ ನಂತರದ ಮೌನ. ಗಡಿಯಾರ ನೋಡಿ ಅಳೆಯಿರಿ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಕಂಡುಬಂದಿತು. ಆ ಮೂರು ಸೆಕೆಂಡು ಹೊಸಬರಿಗೆ ಮೂರು ನಿಮಿಷದಂತೆ ಅನಿಸುತ್ತದೆ. ಅದಕ್ಕೇ ತಾವೇ ಉತ್ತರ ಹೇಳಿಬಿಡುತ್ತಾರೆ.

ಎರಡು, ನಿಲ್ಲುವ ಜಾಗ. ಗದ್ದಲ ಹುಟ್ಟುವ ಮೂಲೆಗೆ ಅನುಭವಿಗಳು ಮೊದಲೇ ನಡೆದಿರುತ್ತಾರೆ. ನಕ್ಷೆಯ ಮೇಲೆ ಅವರ ನಡಿಗೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ, ತಿಳಿಯುತ್ತದೆ.

ಮೂರು, ಸಾಮಾನು ಹಂಚುವ ಕ್ರಮ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾನು ತರಬೇತಿಯಲ್ಲಿದ್ದಾಗ ಪೆಟ್ಟು ತಿಂದದ್ದು ಇಲ್ಲೇ. ಎರಡನೇ ತರಗತಿಗೆ ಸಂಕಲನ ಕಲಿಸಲು ಒಂದು ಡಬ್ಬಿ ಹುಣಸೆ ಬೀಜ ತಂದಿದ್ದೆ. ಒಳಗೆ ಹೋದವಳೇ ಎಲ್ಲರಿಗೂ ಹಿಡಿ ಹಿಡಿ ಹಂಚಿದೆ, ಆಮೇಲೆ "ಈಗ ಕೇಳಿ ಮಕ್ಕಳೇ" ಅಂದೆ. ಯಾರು ಕೇಳುತ್ತಾರೆ? ಬೀಜ ಉಜ್ಜಿ ಬಿಸಿ ಮಾಡಿ ಪಕ್ಕದವರ ಕೈಗೆ ಚುರುಕು ಮುಟ್ಟಿಸುತ್ತಿದ್ದರು, ಪಗಡೆ ಆಡುತ್ತಿದ್ದರು. ಒಂದು ಪುಟ್ಟ ಹುಡುಗಿ ಬೀಜವನ್ನು ಮೂಗಿಗೆ ಹಾಕಿಕೊಂಡಳು. ಆ ತರಗತಿಯ ಶಿಕ್ಷಕಿ ಓಡಿ ಬಂದು ಮಗುವನ್ನು ಸಮಾಧಾನ ಮಾಡಿ, ಇನ್ನೊಂದು ಹೊಳ್ಳೆ ಒತ್ತಿ ಹಿಡಿದು ಸೀನಿಸಿದ ಮೇಲೆ ಬೀಜ ಹೊರಗೆ ಬಿತ್ತು. ಬೀಳದಿದ್ದರೆ ಆಸ್ಪತ್ರೆಗೇ ಓಡಬೇಕಿತ್ತು.

ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಮರುದಿನ ಅದೇ ಬೀಜದ ಡಬ್ಬಿ ತೆಗೆದುಕೊಂಡು ತಾವೇ ಪಾಠ ಮಾಡಿದರು. ಡಬ್ಬಿ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಏನು ಮಾಡಬೇಕು ಎಂದು ಎರಡು ವಾಕ್ಯದಲ್ಲಿ ಹೇಳಿದರು. ಒಬ್ಬ ಹುಡುಗನಿಂದ ಅದನ್ನೇ ತಿರುಗಿ ಹೇಳಿಸಿದರು. ಒಂದು ಉದಾಹರಣೆಯನ್ನು ಎಲ್ಲರ ಎದುರು ಮಾಡಿ ತೋರಿಸಿದರು. ಆಮೇಲೆ ಗುಂಪಿಗೊಬ್ಬರನ್ನು ಕರೆದು ಎಣಿಸಿ ಇಪ್ಪತ್ತಿಪ್ಪತ್ತು ಬೀಜ ಕೊಟ್ಟರು, ಪಾಠ ಮುಗಿದಾಗ ಎಣಿಸಿಯೇ ವಾಪಸ್ ತೆಗೆದುಕೊಂಡರು. ಹೇಳುವುದು, ಹೇಳಿಸುವುದು, ತೋರಿಸುವುದು, ಕೊನೆಗೆ ಕೊಡುವುದು. ಈ ನಾಲ್ಕರ ಕ್ರಮವನ್ನು ನಾನು ಇವತ್ತಿಗೂ ಬದಲಿಸಿಲ್ಲ.

ಹಂತ 5: ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿಗೆ ಕೇಳಿ

ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ತಾವು ಏನು ಮಾಡುತ್ತೇವೆ ಎಂಬುದು ತಮಗೇ ಕಾಣುವುದಿಲ್ಲ. ಸೈಕಲ್ ತುಳಿಯುವವರನ್ನು ಬ್ಯಾಲೆನ್ಸ್ ಹೇಗೆ ಮಾಡುತ್ತೀರಿ ಎಂದು ಕೇಳಿದಂತೆ. ಆದ್ದರಿಂದ "ಮೇಡಂ, ಮಕ್ಕಳನ್ನ ಹೇಗೆ ಕಂಟ್ರೋಲ್ ಮಾಡ್ತೀರಿ?" ಎಂದು ಕೇಳಿದರೆ ಸಿಗುವ ಉತ್ತರ "ಪ್ರೀತಿಯಿಂದ ನೋಡ್ಕೋಬೇಕಮ್ಮ" ಎಂಬುದೊಂದೇ. ಅದು ಸುಳ್ಳಲ್ಲ, ಆದರೆ ನಾಳೆ ಬೆಳಗ್ಗೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ನಿಮ್ಮ ಮೂರು ಕಾಲಂನಿಂದ ಒಂದು ಸಾಲು ಆರಿಸಿ, ಆ ಕ್ಷಣದ ಬಗ್ಗೆ ಮಾತ್ರ ಕೇಳಿ. ಒಬ್ಬ ಪ್ರಶಿಕ್ಷಣಾರ್ಥಿ ನನ್ನನ್ನು ಹೀಗೆ ಕೇಳಿದ್ದಳು: "ಮೇಡಂ, ಮುಂದಿನ ಸಾಲಿನ ಹುಡುಗಿ ಆಗಿಂದ ಕೈ ಎತ್ತಿಕೊಂಡೇ ಇದ್ದಳು. ಅವಳನ್ನ ಯಾಕೆ ಕೇಳಲಿಲ್ಲ?" ನಾನು ಒಂದು ಗಳಿಗೆ ಯೋಚಿಸಬೇಕಾಯಿತು. ಆಮೇಲೆ ಹೇಳಿದೆ: "ಅವಳಿಗೆ ಉತ್ತರ ಗೊತ್ತು ಅಂತ ನನಗೆ ಗೊತ್ತು ಕಣಮ್ಮ. ಅವಳು ಹೇಳಿಬಿಟ್ಟರೆ ಉಳಿದವರು ಯೋಚನೆ ನಿಲ್ಲಿಸ್ತಾರೆ. ಕಡೆಗೆ ಅವಳನ್ನೇ ಕೇಳಿದೆ ನೋಡು, 'ಇವರು ಹೇಳಿದ್ದು ಸರಿನಾ' ಅಂತ." ಅವಳು ಕೇಳದಿದ್ದರೆ ಹಾಗೆ ಮಾಡುತ್ತೇನೆ ಎಂದು ನನಗೂ ಹೊಳೆಯುತ್ತಿರಲಿಲ್ಲ.

ಹೊತ್ತು ನೋಡಿ ಕೇಳಿ. ಬಿಸಿಯೂಟದ ಹೊತ್ತಿಗೆ ಬೇಡ, ಶಿಕ್ಷಕರ ಕಣ್ಣು ಆಗ ಬಿಸಿ ಸಾರಿನ ಪಾತ್ರೆಯ ಮೇಲೂ ಮಕ್ಕಳ ಸಾಲಿನ ಮೇಲೂ ಇರಬೇಕು. ಸಿ.ಆರ್.ಪಿ. (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದ ದಿನ ಬೇಡ. ಸಂಜೆ ಮಕ್ಕಳು ಹೋದ ಮೇಲೆ, ಕಾರ್ಡು ಜೋಡಿಸುತ್ತಲೋ ಹಲಗೆ ಒರೆಸುತ್ತಲೋ ಕೇಳಿ. ನೀವೂ ಕೈ ಜೋಡಿಸಿದರೆ ಹತ್ತು ನಿಮಿಷದ ಮಾತು ಅರ್ಧ ಗಂಟೆಯಾಗುತ್ತದೆ. ದಿನಕ್ಕೆ ಎರಡೇ ಪ್ರಶ್ನೆ ಸಾಕು. ಮತ್ತು "ನಮ್ಮ ಕಾಲೇಜಿನಲ್ಲಿ ಹೀಗೆ ಹೇಳಿಕೊಟ್ಟಿಲ್ಲವಲ್ಲ" ಎಂಬ ಮಾತಿನಿಂದ ಎಂದೂ ಶುರು ಮಾಡಬೇಡಿ.

ಹಂತ 6: ಮಕ್ಕಳ ತಪ್ಪುಗಳನ್ನು ಓದಲು ಕಲಿಯಿರಿ

ನನ್ನ ಕೇಳಿದರೆ ಇಡೀ ತರಬೇತಿಯಲ್ಲಿ ಅತಿ ಮುಖ್ಯವಾದ ಹಂತ ಇದು, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಶಿಕ್ಷಕರ ಅನುಮತಿ ಪಡೆದು ದಿನಾ ಹತ್ತು ಮಕ್ಕಳ ಪುಸ್ತಕ ತೆಗೆದುಕೊಳ್ಳಿ. ಕೆಂಪು ಪೆನ್ನು ಮುಟ್ಟಬೇಡಿ. ತಪ್ಪುಗಳನ್ನು ನಿಮ್ಮ ಪುಸ್ತಕಕ್ಕೆ ಇಳಿಸಿಕೊಂಡು, ಪ್ರತಿಯೊಂದರ ಮುಂದೆ "ಮಗು ಯಾವ ಲೆಕ್ಕಾಚಾರದಿಂದ ಹೀಗೆ ಬರೆಯಿತು" ಎಂದು ಊಹೆ ಬರೆಯಿರಿ. ಆಮೇಲೆ ಶಿಕ್ಷಕರಿಗೆ ತೋರಿಸಿ.

ಗಣಿತದಿಂದ ಆರಂಭಿಸಿ, ಅಲ್ಲಿ ಸುಲಭ. 52ರಲ್ಲಿ 27 ಕಳೆದು 35 ಎಂದು ಬರೆದ ಮಗು ಅಜಾಗರೂಕತೆಯಿಂದ ಬರೆದದ್ದಲ್ಲ. "ದೊಡ್ಡದರಿಂದ ಚಿಕ್ಕದನ್ನು ಕಳೆ" ಎಂಬ ಮಾತನ್ನು ಅದು ಬಿಡಿ ಸ್ಥಾನಕ್ಕೂ ಅನ್ವಯಿಸಿ 7ರಿಂದ 2 ಕಳೆದಿದೆ. ಅದಕ್ಕೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತನ್ನೂ ಹಾಗೇ ಮಾಡುತ್ತದೆ. ಬೇಕಾದದ್ದು ಹತ್ತು ಹತ್ತು ಕಡ್ಡಿಯ ಕಂತೆ. ಐದು ಕಂತೆ, ಎರಡು ಬಿಡಿ ಕೈಗೆ ಕೊಟ್ಟು ಏಳು ಬಿಡಿ ಕೇಳಿ. ಕಂತೆಯ ರಬ್ಬರ್ ಬ್ಯಾಂಡ್ ಬಿಚ್ಚದೆ ಕೊಡಲು ಆಗುವುದಿಲ್ಲ ಎಂದು ಅದರ ಕೈಗೇ ತಿಳಿಯುತ್ತದೆ. 28 ಮತ್ತು 35 ಕೂಡಿಸಿ 513 ಬರೆದ ಮಗುವಿಗೂ ಇದೇ ಕಂತೆ, ಈ ಸಲ ಕಟ್ಟುವ ಕೆಲಸ. ನೂರ ಐದು ಎಂದಾಗ 1005 ಬರೆಯುವ ಮಗು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆದಿದೆ: ನೂರು, ಆಮೇಲೆ ಐದು. ಸ್ಥಾನಬೆಲೆ ಇನ್ನೂ ಬಂದಿಲ್ಲ ಎಂದರ್ಥ, ಅಂಕಿ ಬರುವುದಿಲ್ಲ ಎಂದಲ್ಲ.

ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮ. ಉಕ್ತಲೇಖನದಲ್ಲಿ "ಅಮ್ಮ" ಎಂದಾಗ ಮಗು "ಅಮ" ಎಂದು ಬರೆಯಿತು ಅನ್ನಿ. ಪ್ರಶಿಕ್ಷಣಾರ್ಥಿ ತಪ್ಪು ಗುರುತು ಹಾಕಿ "ಹತ್ತು ಸಲ ಬರಿ" ಅನ್ನುತ್ತಾರೆ. ಅನುಭವಿ ಶಿಕ್ಷಕಿ ಅನ್ನುವುದು: "ನೀನು ಬರೆದದ್ದನ್ನ ಬೆರಳಿಟ್ಟು ಓದು." ಈ ಒಂದು ವಾಕ್ಯದಿಂದ ಮೂರು ಬೇರೆ ಬೇರೆ ಮಕ್ಕಳು ಸಿಗುತ್ತಾರೆ. ಒಂದು ಮಗು "ಅಮ್ಮ" ಎಂದೇ ಓದುತ್ತದೆ, ಅದಕ್ಕೆ ಒತ್ತಕ್ಷರ ಎಂಬುದು ಬೇಕು ಎಂದೇ ಗೊತ್ತಿಲ್ಲ. ಇನ್ನೊಂದು "ಅಮ... ಅಯ್ಯೋ" ಎಂದು ತಾನೇ ತಿದ್ದಿಕೊಳ್ಳುತ್ತದೆ, ಅದಕ್ಕೆ ಏನೂ ಹೇಳಿಕೊಡಬೇಕಾಗಿಲ್ಲ, ಬರೆದ ಮೇಲೆ ಓದಿ ನೋಡುವ ಅಭ್ಯಾಸ ಸಾಕು. ಮೂರನೆಯದು ಓದದೆ ಮುಖ ನೋಡುತ್ತದೆ. ಅದು ಪಕ್ಕದವರದ್ದು ನೋಡಿ ಬರೆದದ್ದು, ಅಕ್ಷರಗಳೇ ಇನ್ನೂ ಗಟ್ಟಿಯಾಗಿಲ್ಲ. ಆ ಮಗುವನ್ನು ನಲಿ-ಕಲಿಯ ಆರಂಭದ ಅಕ್ಷರಗಳಿಗೆ, ರ ಗ ಸ ದ ಅ ಇರುವ ಕಾರ್ಡುಗಳಿಗೆ ಕರೆದೊಯ್ದು "ಸರ", "ಅರಸ", "ಗರಗಸ" ಓದಿಸಬೇಕು. ಮೂವರಿಗೂ ಹತ್ತು ಸಲ ಬರೆಯುವ ಶಿಕ್ಷೆ ಒಂದೇ ಆಗಿದ್ದರೆ ಮೂವರಿಗೂ ಅನ್ಯಾಯ.

"ಹಾಲು" ಎಂಬುದನ್ನು "ಆಲು" ಎಂದು ಬರೆಯುವ ಮಕ್ಕಳು ಹಳೇ ಮೈಸೂರು ಭಾಗದಲ್ಲಿ ಪ್ರತಿ ತರಗತಿಯಲ್ಲೂ ಇರುತ್ತಾರೆ. ಮನೆಯಲ್ಲಿ ಅವರು ಕೇಳಿದ್ದು ಆಲೇ. ಅದು ಅವರ ಅವ್ವನ ಮಾತು, ಅದನ್ನು ಎಲ್ಲರೆದುರು ನಗೆಯಾಡುವ ವಸ್ತು ಮಾಡಿದರೆ ಆ ಮಗು ಆ ವರ್ಷ ಬಾಯಿ ಬಿಡುವುದಿಲ್ಲ. "ಮನೇಲಿ ಹೇಗಂತೀರಿ, ಪುಸ್ತಕದಲ್ಲಿ ಹೇಗಿದೆ" ಎಂದು ಎರಡನ್ನೂ ಹೇಳಿಸಿ, ಬಾಯೆದುರು ಅಂಗೈ ಹಿಡಿದು ಹ ಎಂದಾಗ ಗಾಳಿ ಬಡಿಯುವುದನ್ನು ತೋರಿಸುವ ಶಿಕ್ಷಕರನ್ನು ನೋಡಿದ್ದೇನೆ. "ಸೂರ್ಯ"ದ ಅರ್ಕಾವತ್ತು ಮತ್ತೊಂದು ತೊಡಕು. ಬಾಯಲ್ಲಿ ಮೊದಲು ಬರುವ ರ್, ಬರವಣಿಗೆಯಲ್ಲಿ ಯ ಆದ ಮೇಲೆ ಬರುತ್ತದೆ. ಮಗು ಗೊಂದಲಕ್ಕೆ ಬೀಳುವುದು ಸಹಜ. ಇಂಥ ಪಟ್ಟಿ ನಿಮ್ಮ ಪುಸ್ತಕದಲ್ಲಿ ಮೂವತ್ತು ಸಾಲು ಆದರೆ, ನಿಮ್ಮ ಮೊದಲ ವರ್ಷದ ನೌಕರಿಗೆ ಅದಕ್ಕಿಂತ ದೊಡ್ಡ ಬಂಡವಾಳ ಇಲ್ಲ.

ಹಂತ 7: ತರಗತಿಯನ್ನು ತುಣುಕು ತುಣುಕಾಗಿ ವಹಿಸಿಕೊಳ್ಳಿ

ನೇರವಾಗಿ ನಲವತ್ತು ನಿಮಿಷದ ಪಾಠಕ್ಕೆ ನಿಲ್ಲಬೇಡಿ. ಕಾಲೇಜಿನ ವೇಳಾಪಟ್ಟಿ ಅವಸರ ಮಾಡಿದರೂ ಶಿಕ್ಷಕರ ಜೊತೆ ಮಾತಾಡಿ ಈ ಮೆಟ್ಟಿಲುಗಳನ್ನು ಉಳಿಸಿಕೊಳ್ಳಿ.

ಮೊದಲು ಹಾಜರಿ ಕರೆಯಿರಿ, ಶಿಕ್ಷಕರು ಕೊಠಡಿಯಲ್ಲೇ ಇರಲಿ. ಮರುದಿನ ಒಂದು ಹಾಡು ಅಥವಾ ಕಥೆ, ಐದು ನಿಮಿಷ. ನಂತರ ಒಂದು ಚಿಕ್ಕ ಗುಂಪು. ನಲಿ-ಕಲಿಯಲ್ಲಿ ಐದು ತಟ್ಟೆಗಳಿರುತ್ತವೆ, ಅಂದರೆ ಮಗುವಿಗೆ ಬೇಕಾದ ನೆರವಿಗೆ ತಕ್ಕಂತೆ ಐದು ಗುಂಪುಗಳು: ಶಿಕ್ಷಕರ ಸಂಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಗೆಳೆಯರ ಸಂಪೂರ್ಣ ನೆರವು, ಗೆಳೆಯರ ಭಾಗಶಃ ನೆರವು, ಸ್ವಕಲಿಕೆ. ಹೊಸಬರು ಎಲ್ಲರೂ ಮೊದಲನೇ ತಟ್ಟೆಗೆ ಹೋಗುತ್ತಾರೆ, ಅಲ್ಲಿ "ಪಾಠ" ಇರುತ್ತದೆ ಎಂದು. ನೀವು ನಾಲ್ಕನೇ ತಟ್ಟೆಯಲ್ಲಿ ಕೂರಿ. ಮೂರನೇ ತರಗತಿಯ ಮಗು ಒಂದನೇ ತರಗತಿಯ ಮಗುವಿಗೆ ಹೇಗೆ ಹೇಳಿಕೊಡುತ್ತದೆ ನೋಡಿ. ಯಾವಾಗ ಬಾಯಿ ಹಾಕಬೇಕು, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅಲ್ಲಿ ಬೇಗ ತಿಳಿಯುತ್ತದೆ.

ಅದಾದ ಮೇಲೆ ಹದಿನೈದು ನಿಮಿಷದ ಪಾಠ. ಕೊನೆಗೆ ಪೂರ್ತಿ ಅವಧಿ. ಪೂರ್ತಿ ಅವಧಿಗೆ ಹೋಗುವಾಗ ಪಾಠಯೋಜನೆಯ ಅಂಚಿನಲ್ಲಿ ಎರಡು ಸಾಲು ಬರೆದಿರಬೇಕು: 25 ನಿಮಿಷಕ್ಕೇ ಮುಗಿದರೆ ಏನು ಮಾಡುತ್ತೇನೆ, ಗಂಟೆ ಹೊಡೆದರೂ ಮುಗಿಯದಿದ್ದರೆ ಎಲ್ಲಿ ನಿಲ್ಲಿಸುತ್ತೇನೆ.

ಪ್ರತಿ ಮೆಟ್ಟಿಲಿನಲ್ಲೂ ಶಿಕ್ಷಕರಿಂದ ಒಂದೇ ಒಂದು ಅಭ್ಯಾಸ ಎರವಲು ತನ್ನಿ. ಇವತ್ತು ಪ್ರಶ್ನೆ ಕೇಳಿ ಮೂರು ಎಣಿಸುವುದು. ನಾಳೆ ಮಾತಾಡುತ್ತಾ ನಡೆಯುವುದು. ಎಲ್ಲವನ್ನೂ ಒಂದೇ ದಿನ ಮಾಡಲು ಹೋದರೆ ಪಾಠವೇ ಮರೆತುಹೋಗುತ್ತದೆ.

ಹಂತ 8: ನಿಮ್ಮ ಪಾಠದಲ್ಲಿ ಒಂದೇ ಒಂದು ವಿಷಯ ನೋಡಲು ಹೇಳಿ

"ಹೇಗಿತ್ತು ಮೇಡಂ?" ಎಂದು ಕೇಳಿದರೆ "ಚೆನ್ನಾಗಿತ್ತಮ್ಮ, ಇನ್ನೂ ಸ್ವಲ್ಪ ಜೋರಾಗಿ ಮಾತಾಡು" ಎಂದು ಉತ್ತರ ಬರುತ್ತದೆ. ಬದಲಿಗೆ ನಿಮ್ಮ ಕೊಠಡಿ ನಕ್ಷೆಯ ಒಂದು ಪ್ರತಿ ಮತ್ತು ಪೆನ್ಸಿಲ್ ಅವರ ಕೈಗೆ ಕೊಡಿ. "ನಾನು ಯಾವ ಮಗುವನ್ನು ಕೇಳುತ್ತೇನೋ ಆ ಹೆಸರಿನ ಮೇಲೆ ಒಂದು ಗೆರೆ ಹಾಕಿ ಮೇಡಂ, ಅಷ್ಟು ಸಾಕು" ಅನ್ನಿ.

ಮೊದಲ ಸಲ ಆ ಹಾಳೆ ನೋಡಿದಾಗ ಹೆಚ್ಚಿನವರಿಗೆ ಕಾಣುವುದು ಇದು: ಮುಂದಿನ ಸಾಲಿನ ಮೂರು ನಾಲ್ಕು ಹೆಸರಿನ ಮೇಲೆ ರಾಶಿ ಗೆರೆ, ಬಾಗಿಲ ಬಳಿಯ ಒಂದು ಮೂಲೆ ಪೂರ್ತಿ ಖಾಲಿ. ಒಬ್ಬ ಪ್ರಶಿಕ್ಷಣಾರ್ಥಿ ಆ ಹಾಳೆ ನೋಡಿ ಅತ್ತಿದ್ದಳು. ಖಾಲಿ ಇದ್ದ ಮೂಲೆಯಲ್ಲಿ ಕೂತಿದ್ದವರೆಲ್ಲ ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳು. ಬೇಕೆಂದು ಮಾಡಿದ್ದಲ್ಲ, ಬೇಗ ಉತ್ತರ ಬರುವ ಕಡೆಗೆ ಅವಳ ಕಣ್ಣು ತಾನಾಗಿ ಹೋಗಿತ್ತು. ಮುಂದಿನ ಪಾಠಕ್ಕೆ ಅವಳು ಆ ಆರು ಹೆಸರನ್ನು ಅಂಗೈ ಮೇಲೆ ಬರೆದುಕೊಂಡು ಹೋದಳು.

ಮುಂದಿನ ವಾರ ಬೇರೆ ವಿಷಯ ಕೊಡಿ: ನಾನು ಎಷ್ಟು ಸಲ "ಸುಮ್ನಿರಿ" ಅಂದೆ, ಎಷ್ಟು ಪ್ರಶ್ನೆಗೆ ನಾನೇ ಉತ್ತರ ಹೇಳಿದೆ.

ಯಾವುದನ್ನು ಕಲಿಯಬಾರದು

ಅನುಭವ ಇದ್ದವರ ಎಲ್ಲ ಅಭ್ಯಾಸವೂ ಅನುಕರಿಸಲು ಯೋಗ್ಯವಲ್ಲ. ಬೆತ್ತ, ಕಿವಿ ಹಿಂಡುವುದು, ಬಿಸಿಲಲ್ಲಿ ನಿಲ್ಲಿಸುವುದು, "ದಡ್ಡ" ಎಂದು ಅಡ್ಡಹೆಸರಿಡುವುದು, ಇವು ಕಂಡರೆ ಕಲಿಯಬೇಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಒಂದೇಟು ಕೊಡು, ಆಗ ಕೇಳ್ತಾರೆ" ಎಂದು ನಿಮಗೆ ಯಾರಾದರೂ ಕೋಲು ಕೊಟ್ಟರೆ ತೆಗೆದುಕೊಳ್ಳಬೇಡಿ. "ನನಗೆ ಬೇಡ ಸರ್, ಬೇರೆ ಏನಾದರೂ ಪ್ರಯತ್ನ ಮಾಡ್ತೀನಿ" ಎಂದರೆ ಸಾಕು. ಮಕ್ಕಳೆದುರು ಆ ಶಿಕ್ಷಕರ ಜೊತೆ ವಾದಕ್ಕೆ ನಿಲ್ಲಬೇಡಿ, ಆದರೆ ಮಗುವಿಗೆ ನೋವಾಗುವುದನ್ನು ನೋಡಿ ಸುಮ್ಮನೆ ವಾಪಸ್ ಬರಲೂಬೇಡಿ. ಅದೇ ದಿನ ನಿಮ್ಮ ಕಾಲೇಜಿನ ಮಾರ್ಗದರ್ಶಿ ಉಪನ್ಯಾಸಕರಿಗೆ ತಿಳಿಸಿ.

ಎಚ್ಚರಿಕೆಯ ಲಕ್ಷಣಗಳು

ನಿಮ್ಮ ದನಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಕ್ಕಳ ಕಿವಿ ಅದಕ್ಕೆ ಒಗ್ಗುತ್ತಿದೆ ಎಂದರ್ಥ. ಹಂತ 3ಕ್ಕೆ ಹಿಂತಿರುಗಿ, ಸಂಜ್ಞೆಗಳ ಪಟ್ಟಿ ತೆಗೆದು ನೋಡಿ.

"ಅರ್ಥ ಆಯ್ತಾ?" ಎಂದಾಗ ಇಡೀ ತರಗತಿ ಒಂದೇ ರಾಗದಲ್ಲಿ "ಆಯ್ತು ಮಿಸ್" ಅನ್ನುತ್ತಿದ್ದರೆ ಯಾರಿಗೆ ಅರ್ಥವಾಗಿಲ್ಲ ಎಂದು ನಿಮಗೆ ಗೊತ್ತಾಗುವ ದಾರಿ ಮುಚ್ಚಿದೆ. ಆ ಪ್ರಶ್ನೆ ಬಿಟ್ಟು, ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ತೋರಿಸಲು ಹೇಳಿ.

ನೀರು, ಒಂದಕ್ಕೆ, ಪೆನ್ಸಿಲ್ ಮುರೀತು ಎಂದು ಎದ್ದು ಬರುವವರು ಹೆಚ್ಚಾದರೆ ಕೊಟ್ಟ ಕೆಲಸ ತೀರಾ ಕಷ್ಟವಾಗಿದೆ, ಇಲ್ಲವೇ ಐದು ನಿಮಿಷ ಮೊದಲೇ ಮುಗಿದಿದೆ. ಯಾವುದು ಎಂದು ಹೋಗಿ ಪುಸ್ತಕ ನೋಡಿ.

ನಿಮ್ಮ ಕಚ್ಚಾ ಪುಸ್ತಕದಲ್ಲಿ ಮೂರು ದಿನದಿಂದ ಒಂದೇ ಒಂದು ಮಗುವಿನ ಹೆಸರೂ ಬಂದಿಲ್ಲ ಎಂದರೆ ನೀವು ಮತ್ತೆ ಪಾಠ ನೋಡಲು ಶುರು ಮಾಡಿದ್ದೀರಿ.

ಹೊರಡುವ ಮೊದಲು

ಕೊನೆಯ ದಿನ ಇದ್ದಕ್ಕಿದ್ದಂತೆ "ನಾಳೆಯಿಂದ ನಾನು ಬರಲ್ಲ" ಎನ್ನಬೇಡಿ. ಒಂದನೇ ಎರಡನೇ ತರಗತಿಯ ಮಕ್ಕಳು ಒಂದು ವಾರ ಬಾಗಿಲು ನೋಡುತ್ತಾರೆ, ಆಮೇಲೆ ಆ ಮಕ್ಕಳನ್ನು ಸಂಭಾಳಿಸಬೇಕಾದವರು ತರಗತಿಯ ಶಿಕ್ಷಕರು. ಮೂರು ದಿನ ಮುಂಚೆ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಮಕ್ಕಳಿಂದಲೇ ಗುರುತು ಹಾಕಿಸಿ.

ಪಡೆದ ಕಾರ್ಡು, ಕಂತೆ, ಪುಸ್ತಕಗಳನ್ನು ಎಣಿಸಿ ಅವುಗಳ ಜಾಗಕ್ಕೆ ಇಡಿ. ಹಂತ 6ರಲ್ಲಿ ಮಾಡಿದ ತಪ್ಪುಗಳ ಪಟ್ಟಿಯನ್ನು ಶುದ್ಧವಾಗಿ ಬರೆದು, ಯಾವ ಮಗು ಎಲ್ಲಿ ನಿಂತಿದೆ ಎಂಬ ನಿಮ್ಮ ಟಿಪ್ಪಣಿ ಸಮೇತ ಶಿಕ್ಷಕರಿಗೆ ಒಂದು ಪ್ರತಿ ಕೊಡಿ. ಹೋದ ವರ್ಷ ಒಬ್ಬರು ಕೊಟ್ಟ ಅಂಥ ಎರಡು ಹಾಳೆ ನನ್ನ ಹಾಜರಿ ಪುಸ್ತಕದಲ್ಲಿ ಈಗಲೂ ಇವೆ. ಕಣ್ಣು ಕಿರಿದು ಮಾಡುತ್ತಾಳೆ ಎಂದು ಆಕೆ ಬರೆದಿದ್ದ ಹುಡುಗಿಗೆ ದಸರಾ ರಜೆಯ ಹೊತ್ತಿಗೆ ಕನ್ನಡಕ ಬಂತು, ಈಗ ಅವಳು ಕೊನೆಯ ಸಾಲಿನಿಂದಲೇ ಹಲಗೆ ಓದುತ್ತಾಳೆ.